ಹಿಂಡಿಯಲ್ಲಿನ ತೇವ ತಿಳಿಯುವ ಬಗೆ



ಕಡಲೆಕಾಯಿ ಹಿಂಡಿಯನ್ನು ಕೈಯಲ್ಲಿ ಮುರಿದು ನೋಡಿ, ಒಣಗಿದೆ ಎಂದು ತೀರ್ಮಾನಿಸುವುದು ನಮ್ಮಲ್ಲಿ ರೂಢಿ. ಮಳೆಗಾಲದಲ್ಲಿ ಇದನ್ನು ನಂಬುವಂತಿಲ್ಲ. ಒಣಗಿದಂತೆ ಕಾಣುವ ಹಿಂಡಿಯಲ್ಲೂ ಬೂಷ್ಟು ಬೆಳೆಯುವಷ್ಟು ನೀರು ಇರಬಹುದು. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಇದು ರಾಸಿನ ಯಕೃತ್ತನ್ನು ಕೆಡಿಸುತ್ತದೆ, ಸ್ವಲ್ಪ ಭಾಗ ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಇದು ಕೆ.ಜಿ.ಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ಕಾನೂನಿದೆ.

ಎಣ್ಣೆ ನೀರನ್ನು ಹೆಚ್ಚು ಹಿಡಿದಿಟ್ಟುಕೊಳ್ಳುವುದಿಲ್ಲ. ಹಿಂಡಿಯಲ್ಲಿರುವ ನೀರೆಲ್ಲ ಎಣ್ಣೆಯಲ್ಲದ ಭಾಗದಲ್ಲೇ ಸೇರಿರುತ್ತದೆ. ಆದ್ದರಿಂದ ಮುಸುಕಿನ ಜೋಳ ಕೆಡದೆ ಉಳಿಯುವಷ್ಟು ತೇವದಲ್ಲೇ, ಎಣ್ಣೆ ಅಂಶ ಹೆಚ್ಚಿರುವ ಗಾಣದ ಹಿಂಡಿ ಕೆಡಬಹುದು. ತೇವಾಂಶ ಶೇಕಡ ಎಷ್ಟು ಎನ್ನುವುದಕ್ಕಿಂತ, ಸುತ್ತಲಿನ ಗಾಳಿಗೆ ಅದು ಎಷ್ಟು ತೇವ ಬಿಡುತ್ತದೆ ಎಂಬುದೇ ಮುಖ್ಯ. ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ನೀರು ಸೇರಿರುವುದನ್ನು ತೇವಮಾಪಕ ಸಂವೇದಕದಿಂದ ಪತ್ತೆಮಾಡುವುದೂ ಇದೇ ತತ್ವದ ಮೇಲೆ.

ಗಾಳಿಯ ತೇವ ತೋರಿಸುವ ಪುಟ್ಟ ಡಿಜಿಟಲ್ ಮಾಪಕ ಈಗ ಅಗ್ಗವಾಗಿ ಸಿಗುತ್ತದೆ. ಗಾಳಿಯಾಡದ ಮುಚ್ಚಳವಿರುವ ಒಣ ಡಬ್ಬಿಯಲ್ಲಿ ಮುಕ್ಕಾಲು ಭಾಗ ಪುಡಿಮಾಡಿದ ಹಿಂಡಿ ತುಂಬಿ, ಮೇಲೆ ಮಾಪಕವಿಟ್ಟು ಮುಚ್ಚಿ. ಡಬ್ಬಿ ಪಾರದರ್ಶಕವಾಗಿದ್ದರೆ ತೆರೆಯದೆಯೇ ಓದಬಹುದು. ಮೂಟೆಯ ಮೇಲಿನ ಹಿಂಡಿಯನ್ನಷ್ಟೇ ತೆಗೆದುಕೊಳ್ಳಬೇಡಿ; ನಡುವಿನದನ್ನೂ ತಳದ್ದನ್ನೂ ಬೆರೆಸಿ. ರಾತ್ರಿಯಿಡೀ ನೆರಳಿನಲ್ಲಿಟ್ಟು ಬೆಳಿಗ್ಗೆ ನೋಡಿ. 65ರ ಒಳಗಿದ್ದರೆ ದಾಸ್ತಾನು ಮಾಡಬಹುದು. 70 ದಾಟಿದರೆ ಬೂಷ್ಟು ಹತ್ತುವ ಅಪಾಯವಿದೆ. ಅಂಥ ಹಿಂಡಿ ಕೊಳ್ಳದಿರುವುದೇ ಲೇಸು. ನಡುವೆ ಇದ್ದರೆ ಬೇಗ ಬಳಸಿ ಮುಗಿಸಿ.

ಅಗ್ಗದ ಮಾಪಕ ನಾಲ್ಕೈದು ಅಂಕ ಹೆಚ್ಚು ಕಡಿಮೆ ತೋರುವುದುಂಟು. ಪರೀಕ್ಷಿಸಲು ಅಡಿಗೆ ಉಪ್ಪೇ ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿಹೋಗದಂತೆ ಕೆಲವೇ ಹನಿ ನೀರು ಬೆರೆಸಿ, ಮಾಪಕದೊಂದಿಗೆ ಡಬ್ಬಿಯಲ್ಲಿ ಮುಚ್ಚಿಡಿ. ಉಪ್ಪು ಮಾಪಕಕ್ಕೆ ತಗಲದಿರಲಿ. ಮಾರನೆಯ ದಿನ 75 ತೋರಬೇಕು. 71 ತೋರಿದರೆ, ನಿಮ್ಮ ಮಾಪಕ ನಾಲ್ಕು ಅಂಕ ಕಡಿಮೆ ಹೇಳುತ್ತದೆ ಎಂದರ್ಥ.

ಒಂದು ಎಚ್ಚರಿಕೆ. ಮಾಪಕ ತೋರಿಸುವುದು ಈಗಿನ ತೇವವನ್ನು, ಹಿಂದೆ ಸೇರಿದ ವಿಷವನ್ನಲ್ಲ. ಒಮ್ಮೆ ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿದರೆ ಅಂಕಿ ಇಳಿದೀತು, ವಿಷ ಪೂರ್ತಿ ಹೋಗದು. ಅದನ್ನು ಕರೆಯುವ ಹಸುವಿಗಾಗಲಿ, ಕರುಗಳಿಗಾಗಲಿ ಹಾಕಬೇಡಿ. ತಿಳಿಯದೆ ಹಾಕಿದ್ದರೆ ಕೂಡಲೇ ನಿಲ್ಲಿಸಿ, ನಿಮ್ಮ ಸಂಘದ ಕಾರ್ಯದರ್ಶಿಗೂ ಪಶುವೈದ್ಯರಿಗೂ ತಿಳಿಸಿ. ಹಿಂಡಿ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.