ಗುಡ್ಡ ಕಾಯುತ್ತೆ, ಮನುಷ್ಯರು ಕಾಯಲ್ಲ

ಈ ಸಲದ ವಿಡಿಯೋದಲ್ಲಿ ಆಡಿದ ಮಾತುಗಳನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ ಅನುಕೂಲ ಆಗ್ಲಿ ಅಂತ.

ಪುಣೆಯಲ್ಲಿ ಇರೋರು ವೀಕೆಂಡ್ ಬಂದ್ರೆ ಕ್ಯಾಮೆರಾ ಹೆಗಲಿಗೇರಿಸಿ ಸಿಂಹಗಡಕ್ಕೋ ಲೋಣಾವಳಕ್ಕೋ ಹೊರಡ್ತಾರೆ. ನಾನೂ ಹೋಗ್ತೀನಿ. ಆದ್ರೆ ನನ್ನ ಮೆಮೊರಿ ಕಾರ್ಡ್‌ನಲ್ಲಿ ಕೋಟೆಗಿಂತ ಕೋಟೆ ಮೇಲೆ ಪಿಠಲ ಭಾಕರಿ ಮಾರೋರ ಫೋಟೋಗಳೇ ಹೆಚ್ಚು. "ಅಷ್ಟು ಚೆಂದದ ಸೂರ್ಯಾಸ್ತ ಬಿಟ್ಟು ಜನರ ಮುಖ ಯಾಕೋ ಹಿಡೀತೀಯ?" ಅಂತ ಗೆಳೆಯರು ಕೇಳ್ತಾನೇ ಇರ್ತಾರೆ. ಅದಕ್ಕೆ ಉತ್ತರ ಇದು.

ಮೊದಲ ಕಾರಣ: ಸಮಯ

ಗುಡ್ಡ ಎಲ್ಲಿಗೂ ಹೋಗಲ್ಲ. ಇವತ್ತು ಬೆಳಕು ಸರಿಯಿಲ್ಲ ಅಂದ್ರೆ ಮುಂದಿನ ಮಳೆಗಾಲಕ್ಕೆ ಹೋಗಬಹುದು. ಮನುಷ್ಯರ ವಿಷಯ ಹಾಗಲ್ಲ. ಊರು ಬಿಟ್ಟಿರೋ ನಮಗೆ ಇದು ಬೇಗ ಗೊತ್ತಾಗುತ್ತೆ. ಒಂದೇ ಮನೆಯಲ್ಲಿ ಇರೋರಿಗೆ ಅಪ್ಪನ ಕೂದಲು ಯಾವಾಗ ಬೆಳ್ಳಗಾಯ್ತು ಅಂತ ತಿಳಿಯೋದೇ ಇಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಹೋಗೋ ನಮಗೆ, ಬಾಗಿಲು ತೆಗೆದವರ ಮುಖದಲ್ಲಿ ಆರು ತಿಂಗಳು ಒಟ್ಟಿಗೇ ಕಾಣುತ್ತೆ.

ಎರಡನೆಯದು: ದಿನನಿತ್ಯದ ಬದುಕು

ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರನ್ನ ನೆನಪಿಸಿಕೊಳ್ಳಿ. 1923ರಲ್ಲಿ ಹುಟ್ಟಿ, ಪತ್ರಿಕಾ ಛಾಯಾಗ್ರಾಹಕರಾಗಿ ವರ್ಷಗಟ್ಟಲೆ ದೆಹಲಿಯಲ್ಲಿದ್ದು ದೇಶವೆಲ್ಲ ಸುತ್ತಿ, ಕೊನೆಗೆ ಮೈಸೂರಿಗೇ ಮರಳಿದವರು. ಅವರೂ ಊರು ಬಿಟ್ಟು ದುಡಿದವರೇ. ದೊಡ್ಡ ದೊಡ್ಡವರ ಫೋಟೋ ತೆಗೆದಿದ್ದರೂ ಅವರ ಹೆಸರು ಉಳಿದಿರೋದು ಮಕ್ಕಳು, ಕೂಲಿಯವರು, ಬೀದಿಯ ಜನರ ಕಪ್ಪು ಬಿಳುಪು ಚಿತ್ರಗಳಿಂದ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನ ಯುನಿಸೆಫ್ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಏರ್ಪಡಿಸಿತ್ತು. ಆ ಚಿತ್ರಗಳಲ್ಲಿ ದೊಡ್ಡ ಘಟನೆ ಏನೂ ನಡೀತಿರಲ್ಲ. ಆಡೋ ಮಕ್ಕಳು ಆಡ್ತಿರ್ತಾರೆ, ದುಡಿಯೋರು ದುಡೀತಿರ್ತಾರೆ. ಮಂತ್ರಿಗಳ ಭಾಷಣಕ್ಕೆ ಹತ್ತು ಕ್ಯಾಮೆರಾ ಇರುತ್ತೆ. ಇವರನ್ನ ಯಾರಾದ್ರೂ ನಿಂತು ನೋಡದಿದ್ರೆ, ಇದ್ದರು ಅನ್ನೋ ಗುರುತೂ ಉಳಿಯಲ್ಲ.

ಹಾಗಾದ್ರೆ ಕ್ಲಿಕ್ ಮಾಡಿದ್ರೆ ನೆನಪು ಉಳಿಯುತ್ತಾ?

ಇಲ್ಲೊಂದು ತಿರುವು ಇದೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ವಿದ್ಯಾರ್ಥಿಗಳನ್ನ ಮ್ಯೂಸಿಯಂಗೆ ಕರ್ಕೊಂಡು ಹೋಗಿ, ಕೆಲವು ವಸ್ತುಗಳನ್ನ ಬರೀ ನೋಡೋಕೆ, ಕೆಲವನ್ನ ಫೋಟೋ ತೆಗೆಯೋಕೆ ಹೇಳಿದ್ರು. ಮಾರನೇ ದಿನ ಪರೀಕ್ಷೆ ಮಾಡಿದಾಗ, ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತೆ ಬಿಡು ಅಂತ ಮನಸ್ಸು ಕೈಬಿಟ್ಟಂತೆ! ಆದ್ರೆ ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ನೆನಪು ಕುಂದಲಿಲ್ಲ. ಜೂಮ್ ಮಾಡದ ಭಾಗಗಳೂ ನೆನಪಿದ್ದವು.

ನನಗೆ ಇದರಿಂದ ಅರ್ಥ ಆಗಿದ್ದು, ಉಳಿಸೋದು ಬಟನ್ ಅಲ್ಲ, ಗಮನ. ಜನರ ಫೋಟೋ ನನ್ನನ್ನ ಸೆಳೆಯೋದೂ ಇದಕ್ಕೇ. ಯಾರನ್ನಾದ್ರೂ ಸುಮ್ಮನೆ ದಿಟ್ಟಿಸಿ ನೋಡಿದ್ರೆ ಮರ್ಯಾದೆ ಅಲ್ಲ. "ಒಂದು ಫೋಟೋ ತೆಗೀಲಾ?" ಅಂತ ನನ್ನ ಹರಕು ಮರಾಠಿಯಲ್ಲಿ ಕೇಳಿದ್ರೆ, ಒಪ್ಪಿದವರನ್ನ ಹತ್ತು ನಿಮಿಷ ನೋಡಬಹುದು, ಮಾತಾಡಿಸಬಹುದು. ಬೇಡ ಅಂದ್ರೆ ಕೈ ಮುಗಿದು ಮುಂದೆ ಹೋಗೋದು.

ಮಾತು ಬೇಕು

ಇನ್ನೊಂದು ವಿಷಯ. ಫ್ರಾನ್ಸ್‌ನ ಲೇಖಕ ರೋಲಾಂ ಬಾರ್ತ್ 1977ರಲ್ಲಿ ತಾಯಿಯನ್ನ ಕಳಕೊಂಡ ಮೇಲೆ ಹಳೇ ಫೋಟೋಗಳಲ್ಲಿ ಅವರನ್ನ ಹುಡುಕ್ತಾ ಹೋದ್ರು. ಎಷ್ಟೋ ಫೋಟೋಗಳಲ್ಲಿ ತಾಯಿ ಇದ್ರು, ಆದ್ರೆ 'ಇವಳೇ ನನ್ನಮ್ಮ' ಅನ್ನಿಸಲಿಲ್ಲ. ಕೊನೆಗೆ ಹಾಗನ್ನಿಸಿದ್ದು ತಾಯಿ ಐದು ವರ್ಷದ ಹುಡುಗಿ ಆಗಿದ್ದಾಗಿನ ಒಂದು ಮಾಸಿದ ಫೋಟೋದಲ್ಲಿ. ಛಾಯಾಚಿತ್ರದ ಬಗ್ಗೆ 1980ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬರೆದ್ರು, ಫೋಟೋ ಮಾತ್ರ ಅಚ್ಚು ಹಾಕಲಿಲ್ಲ. ಓದುಗರಿಗೆ ಅದು ಯಾವುದೋ ಒಂದು ಹಳೇ ಫೋಟೋ ಅಷ್ಟೇ ಅಂತ ಅವರಿಗೆ ಗೊತ್ತಿತ್ತು.

ನಮ್ಮ ಮನೆಗಳ ಕಥೆಯೂ ಇದೇ ಅಲ್ವಾ? ಟ್ರಂಕಿನಲ್ಲಿರೋ ಆಲ್ಬಮ್ ತೆಗೀರಿ. ಮದುವೆ ಗ್ರೂಪ್ ಫೋಟೋದಲ್ಲಿ ಎಡಗಡೆ ನಿಂತಿರೋರು ಯಾರು ಅಂತ ಅಜ್ಜಿಗೆ ಗೊತ್ತು, ಅಮ್ಮನಿಗೆ ಅರ್ಧ ಗೊತ್ತು, ನಮಗೆ ಗೊತ್ತೇ ಇಲ್ಲ. ಅಜ್ಜಿ ಹೋದ ದಿನ ಆ ಫೋಟೋದಲ್ಲಿರೋ ಅಷ್ಟೂ ಜನ ಅಪರಿಚಿತರಾಗಿಬಿಡ್ತಾರೆ. ಫೋಟೋ ಮುಖವನ್ನ ಉಳಿಸುತ್ತೆ, ಹೆಸರನ್ನ ಉಳಿಸಲ್ಲ. ಹೆಸರು ಹೇಳೋರು ಇರುವಾಗಲೇ ಕೇಳಿಕೊಳ್ಳಬೇಕು.

ಮುಂದಿನ ರಜೆಗೆ

ದೊಡ್ಡ ಕ್ಯಾಮೆರಾ ಬೇಡ, ಜೇಬಲ್ಲಿರೋ ಫೋನ್ ಸಾಕು.

ಸಾಲಾಗಿ ನಿಲ್ಲಿಸಿ "ನಗ್ರೀ" ಅನ್ನಬೇಡಿ. ಅಮ್ಮ ರೊಟ್ಟಿ ತಟ್ಟುವಾಗ, ಅಪ್ಪ ಪೇಪರ್ ಓದುವಾಗ, ಕಿಟಕಿಯ ಬೆಳಕಲ್ಲಿ ತೆಗೀರಿ. ಕೈಗಳನ್ನೂ ತೆಗೀರಿ. ಸುಕ್ಕು ಅಳಿಸೋ ಫಿಲ್ಟರ್ ಆಫ್ ಮಾಡಿ. ಆ ಸುಕ್ಕುಗಳು ಬೇಕು.

ಹಿಂದಿರೋ ಗೋಡೆ, ಕ್ಯಾಲೆಂಡರ್, ಡಬ್ಬಿಗಳು ಬರಲಿ. ಇಪ್ಪತ್ತು ವರ್ಷದ ಮೇಲೆ ಅವನ್ನೇ ಮೊದಲು ನೋಡ್ತೀವಿ.

ಹಳೇ ಆಲ್ಬಮ್ ಮುಂದಿಟ್ಟುಕೊಂಡು ಹಿರಿಯರನ್ನ ಮಾತಾಡಿಸಿ, ಫೋನ್‌ನಲ್ಲಿ ದನಿ ರೆಕಾರ್ಡ್ ಮಾಡಿ. ಹತ್ತಾದರೂ ಫೋಟೋ ಪ್ರಿಂಟ್ ಹಾಕಿಸಿ, ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ ಹೆಸರು, ಊರು, ವರ್ಷ ಬರೀರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದಕ್ಕೂ ಮೂಡುತ್ತೆ.

ಇಷ್ಟೆಲ್ಲ ಆದ ಮೇಲೆ ಒಂದು ಕೆಲಸ ಬಾಕಿ. ಫೋನನ್ನ ಯಾರ ಕೈಗಾದ್ರೂ ಕೊಟ್ಟು ನೀವೂ ಅವರ ಪಕ್ಕ ಕೂತ್ಕೊಳ್ಳಿ. ಫೋಟೋ ತೆಗೆಯೋರು ಯಾವ ಫೋಟೋದಲ್ಲೂ ಇರಲ್ಲ.