ಗಾಳಿಗೆ ಅಡ್ಡ ಬಾರದ ಕೈಗಳು

ಈ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಇಲ್ಲ. ಅಭ್ಯರ್ಥಿ ಮೊಣಕೈವರೆಗೂ ಕೈ ತೊಳೆದು, ಗೌನು, ಮಾಸ್ಕು, ತಲೆಗವಸು ತೊಟ್ಟು, ಕೊನೆಗೆ ಸ್ಟೆರೈಲ್ ಗ್ಲೌಸ್ ಏರಿಸಿ, ಹತ್ತೂ ಬೆರಳುಗಳ ತುದಿಯನ್ನು ಅಗರ್ ತುಂಬಿದ ತಟ್ಟೆಗೆ ಒತ್ತಬೇಕು. ತಟ್ಟೆಯನ್ನು ಬೆಚ್ಚಗಿಟ್ಟು ಕಾಯುತ್ತಾರೆ. ಸೂಕ್ಷ್ಮಾಣುಗಳ ಒಂದೇ ಒಂದು ಚುಕ್ಕೆ ಮೂಡಿದರೂ ನಪಾಸು. ಅಮೆರಿಕದ ಆಸ್ಪತ್ರೆಗಳ ಫಾರ್ಮಸಿಯಲ್ಲಿ ರೋಗಿಯ ರಕ್ತನಾಳಕ್ಕೆ ಹೋಗುವ ಔಷಧ ಬೆರೆಸುವ ಕೆಲಸಕ್ಕೆ ಹೊಸದಾಗಿ ಸೇರುವವರು ಹೀಗೆ ಸತತವಾಗಿ ಮೂರು ಸಲ ಸೊನ್ನೆ ತೆಗೆಯಬೇಕು.

ಅಷ್ಟಕ್ಕೇ ಮುಗಿಯುವುದಿಲ್ಲ. ಔಷಧದ ಬದಲು ಸೋಯಾಬೀನ್ ಮತ್ತು ಕೇಸಿನ್‌ನಿಂದ ಮಾಡಿದ ಸಾರವನ್ನು ಅವರ ಮುಂದಿಡುತ್ತಾರೆ. ಸೂಕ್ಷ್ಮಾಣುಗಳಿಗೆ ಅದು ಹಬ್ಬದೂಟ. ಆ ಸಾರವನ್ನು ವಯಲ್‌ನಿಂದ ಸಿರಿಂಜಿಗೆ, ಸಿರಿಂಜಿನಿಂದ ಚೀಲಕ್ಕೆ, ದಿನನಿತ್ಯದ ಕೆಲಸದಲ್ಲಿ ಎಷ್ಟು ಸಲ ಮುಟ್ಟಿ ತಿರುಗಿಸುತ್ತಾರೋ ಅಷ್ಟೂ ಸಲ ದಾಟಿಸಬೇಕು. ಆಮೇಲೆ 14 ದಿನ ಕಾಯುವುದು. ಸಾರ ತಿಳಿಯಾಗಿಯೇ ಉಳಿದರೆ ಪಾಸು, ಕದಡಿದರೆ ಮತ್ತೆ ಮೊದಲಿನಿಂದ ತರಬೇತಿ. ಇಪ್ಪತ್ತು ವರ್ಷ ಅನುಭವ ಇದ್ದವರಿಗೂ ವಿನಾಯಿತಿ ಇಲ್ಲ. ಪರೀಕ್ಷೆ ಮರುಕಳಿಸುತ್ತಲೇ ಇರುತ್ತದೆ. ಕೈಗಳನ್ನು ಇಷ್ಟು ಗೌರವದಿಂದ ಅನುಮಾನಿಸುವ ಇನ್ನೊಂದು ವೃತ್ತಿ ಸಿಗುವುದು ಕಷ್ಟ.

ಈ ಕೆಲಸ ಬೇಕಾದರೂ ಏಕೆ? ಒಂದು ಕಿಲೋ ತೂಕದ ನವಜಾತ ಶಿಶುವನ್ನು ನೆನೆಯಿರಿ. ಸೋಂಕಿಗೆ ಕೊಡುವ ಜೆಂಟಾಮೈಸಿನ್ ನಮ್ಮಲ್ಲಿ ಸಿಗುವುದು 2 ಮಿ.ಲೀ.ಗೆ 80 ಮಿ.ಗ್ರಾಂ. ಲೆಕ್ಕದಲ್ಲಿ. ಆ ಕೂಸಿಗೆ ಬೇಕಾದದ್ದು ಸುಮಾರು 5 ಮಿ.ಗ್ರಾಂ., ಅಂದರೆ ಒಂದು ಮಿ.ಲೀ.ಯ ಎಂಟನೇ ಒಂದು ಭಾಗ. ಸಿರಿಂಜಿನ ಮೂತಿಯಲ್ಲಿ ಉಳಿದ ಹನಿಯೇ ಲೆಕ್ಕ ಕೆಡಿಸಬಲ್ಲದು. ಅಲ್ಲಿ ಔಷಧವನ್ನು ಮೊದಲೇ ತೆಳುವಾಗಿಸಿ, ಅಳೆದು, ಹೆಸರು ಬರೆದು ಕಳಿಸುವ ಒಬ್ಬರು ಬೇಕು. ಕ್ಯಾನ್ಸರ್ ರೋಗಿಯ ಕೀಮೋ, ಕರುಳು ಕೆಲಸ ಮಾಡದವರಿಗೆ ರಕ್ತನಾಳದ ಮೂಲಕ ಕೊಡುವ ಆಹಾರ, ಕಾರ್ನಿಯಾ ಹುಣ್ಣಿಗೆ ಹಾಕುವ ತೀವ್ರ ಸಾಂದ್ರತೆಯ ಕಣ್ಣಹನಿ, ಎಲ್ಲದರ ಕತೆಯೂ ಇದೇ.

ಕೆಲಸ ನಡೆಯುವುದು ಹೆಪಾ ಫಿಲ್ಟರ್ ಹಾಯ್ದು ಬರುವ ಗಾಳಿಯ ಕೆಳಗೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಅದು ತಡೆಯುತ್ತದೆ. ಫಿಲ್ಟರಿನಿಂದ ಹೊರಟ ಗಾಳಿ ಬೇರೇನನ್ನೂ ತಾಗದೆ ಸೂಜಿಮೊನೆಗೆ, ವಯಲ್‌ನ ಬಾಯಿಗೆ ಬಂದು ಮುಟ್ಟಬೇಕು. ನಡುವೆ ಬೆರಳೊಂದು ಅಡ್ಡ ಬಂದರೂ ಆ ಗಾಳಿ ಬೆರಳಿನದ್ದನ್ನು ಹೊತ್ತು ತರುತ್ತದೆ. ನುರಿತವರು ಸಿರಿಂಜ್ ಹಿಡಿಯುವ ಬಗೆಯೇ ಬೇರೆ. ಕೈ ಸದಾ ಪಕ್ಕದಲ್ಲಿ ಅಥವಾ ಕೆಳಗೆ, ಎಂದೂ ಗಾಳಿಯ ದಾರಿಯಲ್ಲಿ ಅಲ್ಲ. ರಬ್ಬರ್ ಮುಚ್ಚಳಕ್ಕೆ ಸೂಜಿಯನ್ನು ಮೊದಲು ಓರೆಯಾಗಿ ತಾಗಿಸಿ ಆಮೇಲೆ ನೆಟ್ಟಗೆ ಇಳಿಸುತ್ತಾರೆ, ಇಲ್ಲವಾದರೆ ರಬ್ಬರಿನ ಚೂರು ಔಷಧಕ್ಕೆ ಬೀಳುತ್ತದೆ. ಗಾಜಿನ ಆ್ಯಂಪೂಲ್ ಮುರಿದ ಮೇಲೆ ಔಷಧವನ್ನು ಫಿಲ್ಟರ್ ಸೂಜಿಯಿಂದಲೇ ಎಳೆಯುತ್ತಾರೆ.

ಔಷಧ ಬೆರೆಸುವ ಕೆಲಸ ನಮಗೆ ಹೊಸದಲ್ಲ, ಹಿಂದಿನ ತಲೆಮಾರಿಗೆ ಕಾಂಪೌಂಡರ್ ಗೊತ್ತು. ಮನೆಯಿಂದ ತಂದ ಬಾಟಲಿಗೆ ಕೆಂಪು ಮಿಕ್ಸ್ಚರ್ ತುಂಬಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಡೋಸ್ ತೋರಿಸುತ್ತಿದ್ದವರು ಅವರೇ. ಮಹಾದೇವ ಲಾಲ್ ಶ್ರಾಫ್ 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಶಿಕ್ಷಣಕ್ಕೆ ಅಡಿಪಾಯ ಹಾಕಿದರು, 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ಮಾತ್ರೆಯ ಪಟ್ಟಿಗಳು ಬಂದವು, ಬೆರೆಸುವ ಕೆಲಸ ಕಾರ್ಖಾನೆಗೆ ಹೋಯಿತು.

ಕಾರ್ಖಾನೆಗೆ ಹೋಗದೆ ಉಳಿದ ಭಾಗ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ಎಮಿಲಿ ಜೆರ್ರಿ ಎಂಬ ಎರಡು ವರ್ಷದ ಹುಡುಗಿಯ ಸಾವು ತೋರಿಸಿತು. 2006, ಅಮೆರಿಕದ ಓಹಾಯೊ ರಾಜ್ಯ. ಕೀಮೋದಿಂದ ಗೆಡ್ಡೆ ಕರಗಿತ್ತು, ಕೊನೆಯ ಸುತ್ತಿನ ಚಿಕಿತ್ಸೆ ನಡೆದಿತ್ತು. ಫಾರ್ಮಸಿ ಟೆಕ್ನಿಷಿಯನ್ ಶೇ 0.9ರ ಸಲೈನ್ ಬದಲು ಶೇ 23.4ರ ಉಪ್ಪಿನ ದ್ರಾವಣ ಬಳಸಿ ಚೀಲ ತಯಾರಿಸಿದ್ದರು. ನೋಡಿ ಒಪ್ಪಿಗೆ ಕೊಡಬೇಕಿದ್ದ ಫಾರ್ಮಸಿಸ್ಟ್‌ಗೂ ತಪ್ಪು ಕಾಣಲಿಲ್ಲ. ಆ ಫಾರ್ಮಸಿಸ್ಟ್ ಜೈಲಿಗೆ ಹೋದರು. ಟೆಕ್ನಿಷಿಯನ್‌ಗಳಿಗೆ ತರಬೇತಿ ಕಡ್ಡಾಯ ಎಂಬ ನಿಯಮವೇ ಆ ರಾಜ್ಯದಲ್ಲಿ ಆಗ ಇರಲಿಲ್ಲ. 2009ರಲ್ಲಿ ಮಗುವಿನ ಹೆಸರಿನಲ್ಲೇ ಕಾನೂನು ಬಂತು. ತಂದೆ ಕ್ರಿಸ್ ಜೆರ್ರಿ ಆ ಫಾರ್ಮಸಿಸ್ಟ್‌ನನ್ನು ಕ್ಷಮಿಸಿದರು, ಮುಂದೆ ಇಬ್ಬರೂ ಜೊತೆಯಾಗಿ ಸುರಕ್ಷತೆಯ ಬಗ್ಗೆ ಮಾತನಾಡಿದರು. ಇಷ್ಟು ದೊಡ್ಡ ಮನಸ್ಸು ಅಪರೂಪ.

2012ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಕಾಂಪೌಂಡಿಂಗ್ (ಔಷಧ ಬೆರೆಸುವ) ಕೇಂದ್ರದಿಂದ ಹೊರಟ ಸ್ಟೀರಾಯ್ಡ್ ಚುಚ್ಚುಮದ್ದಿನಲ್ಲಿ ಶಿಲೀಂಧ್ರ ಸೇರಿ 20 ರಾಜ್ಯಗಳಲ್ಲಿ 750ಕ್ಕೂ ಹೆಚ್ಚು ಜನ ರೋಗಿಗಳಾದರು, 60ಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷವೇ ಅಮೆರಿಕದ ಕೇಂದ್ರ ಕಾನೂನು ಬಿಗಿಯಾಯಿತು. ಕೆಲಸಕ್ಕೆ ಮನ್ನಣೆಯೂ ಬಂತು. ಟೆಕ್ನಿಷಿಯನ್‌ಗಳಿಗೆ 2017ರಲ್ಲಿ, ಫಾರ್ಮಸಿಸ್ಟ್‌ಗಳಿಗೆ 2019ರಲ್ಲಿ ಸ್ಟೆರೈಲ್ ಕಾಂಪೌಂಡಿಂಗ್‌ಗೆಂದೇ ಪ್ರತ್ಯೇಕ ಪ್ರಮಾಣಪತ್ರ ಶುರುವಾಯಿತು.

ಇತ್ತ ನಮ್ಮಲ್ಲಿ, ಕೆಲವು ದೊಡ್ಡ ಆಸ್ಪತ್ರೆಗಳನ್ನು ಬಿಟ್ಟರೆ, ಈ ಕೆಲಸ ಇನ್ನೂ ವಾರ್ಡಿನ ಮೂಲೆಯ ಮೇಜಿನ ಮೇಲೆಯೇ ನಡೆಯುತ್ತದೆ. ಮಾಡುವವರು ನರ್ಸ್‌ಗಳು. ಒಂದು ಕಡೆ ಫೋನು, ಇನ್ನೊಂದು ಕಡೆ ರೋಗಿಯ ಕರೆ, ತಲೆಯ ಮೇಲೆ ತಿರುಗುವ ಫ್ಯಾನು. ಕೀಮೋ ಔಷಧ ಬೆರೆಸುವವರಿಗೆ ಅಪಾಯ ಇನ್ನೂ ಹೆಚ್ಚು. ಅಂಥ ಔಷಧ ನಿರ್ವಹಿಸುವ ನರ್ಸ್‌ಗಳ ಮೂತ್ರದಲ್ಲಿ ವಂಶವಾಹಿಗೆ ಹಾನಿ ಮಾಡಬಲ್ಲ ಅಂಶಗಳ ಸುಳಿವನ್ನು ಫಿನ್‌ಲೆಂಡಿನ ಸಂಶೋಧಕರು 1979ರಲ್ಲೇ ಕಂಡುಕೊಂಡಿದ್ದರು. ದುಡಿಯುವವರನ್ನು ಕಾಪಾಡುವ ಸುರಕ್ಷತಾ ಕ್ಯಾಬಿನೆಟ್ ಐಷಾರಾಮವಲ್ಲ, ಅವರ ಹಕ್ಕು.

ಕಲಿತವರ ಕೊರತೆ ಇದೆಯೇ ಎಂದರೆ, ಅದೂ ಇಲ್ಲ. ಆರು ವರ್ಷದ ಫಾರ್ಮ್ ಡಿ ಕೋರ್ಸ್ 2008ರಲ್ಲಿ ಶುರುವಾಯಿತು. ಮೈಸೂರಿನ ಜೆಎಸ್‌ಎಸ್ ಸೇರಿ ರಾಜ್ಯದ ಹಲವು ಕಾಲೇಜುಗಳಲ್ಲಿದೆ. ಕೊನೆಯ ವರ್ಷವನ್ನು ಈ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲೇ ಕಳೆಯುತ್ತಾರೆ, ವಾರ್ಡ್ ಸುತ್ತುತ್ತಾರೆ, ಡೋಸ್ ಲೆಕ್ಕ ಹಾಕುತ್ತಾರೆ. ಅಮೆರಿಕಕ್ಕೆ ಹೋಗಿ ಫಾರ್ಮಸಿಸ್ಟ್ ಆಗಬೇಕೆಂದರೆ ಕನಿಷ್ಠ ಐದು ವರ್ಷದ ಪದವಿ ಬೇಕು, ನಾಲ್ಕು ವರ್ಷದ ಬಿ.ಫಾರ್ಮ್ ಸಾಲದು. ಹಾಗಾಗಿ ಕೆಲವರು ಫಾರ್ಮ್ ಡಿ ಮುಗಿಸಿ ಆ ದಾರಿ ಹಿಡಿಯುತ್ತಾರೆ. ಇಲ್ಲಿ ಉಳಿದವರಲ್ಲಿ ಬಹಳ ಮಂದಿ ಬೆಂಗಳೂರಿನ ಕಂಪನಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತು, ಬೇರೆ ದೇಶದ ರೋಗಿಗಳಿಗೆ ಆದ ಔಷಧದ ಅಡ್ಡಪರಿಣಾಮಗಳ ವರದಿಗಳನ್ನು ವಿಂಗಡಿಸುತ್ತಿದ್ದಾರೆ.