ಹೊರಮಾವು ಗೇಟಿನಾಚೆಯ ಡೀಸೆಲ್ ದಾರಿ

ಹೊರಮಾವು ರೈಲ್ವೆ ಗೇಟ್ ಎಂದರೆ ಪೂರ್ವ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ವಾಹನಗಳ ಸಾಲು. ಆ ಹಳಿ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸುವವರು ಕಡಿಮೆ. ಚನ್ನಸಂದ್ರದಿಂದ ಹೊರಟು ಹೊರಮಾವು, ಹೆಣ್ಣೂರು, ಥಣಿಸಂದ್ರದ ಬಡಾವಣೆಗಳ ಹಿಂಬದಿಯಲ್ಲೇ ಸಾಗಿ ಅದು ಯಲಹಂಕ ಸೇರುತ್ತದೆ. ಅಲ್ಲಿಂದ ಮುಂದೆ ಕವಲೊಡೆದ ಒಂಟಿ ಹಳಿಯೊಂದು ದೊಡ್ಡಜಾಲ, ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳನ್ನು ಸುತ್ತಿ ಬಂಗಾರಪೇಟೆಗೆ ಬರುತ್ತದೆ. ಬಂಗಾರಪೇಟೆಗೆ ಕೃಷ್ಣರಾಜಪುರದ ಮೇಲೆ ನೇರ ದಾರಿ ಇದ್ದೇ ಇದೆ. ಅವಸರದವರಿಗೆ ಅದೇ ಸರಿ. ಈ ಲೇಖನ ಸುತ್ತು ದಾರಿಯದು.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಈ ಬಯಲುಸೀಮೆಗೆ ಬಂದದ್ದು ನ್ಯಾರೋಗೇಜ್ ರೈಲು. ಹಳಿಗಳ ನಡುವಿನ ಅಂತರ ಬರೀ ಎರಡೂವರೆ ಅಡಿ. ಈಗಿನ ಬ್ರಾಡ್‌ಗೇಜಿನ ಅರ್ಧಕ್ಕಿಂತಲೂ ಕಡಿಮೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ನಿಲ್ದಾಣ ಕಟ್ಟಡಗಳು 1915ರ ಸುಮಾರಿನವು. ದೊಡ್ಡಜಾಲದ ಕಲ್ಲು ಕಟ್ಟಡ ವರ್ಷಾನುಗಟ್ಟಲೆ ಪಾಳುಬಿದ್ದಿತ್ತು. ನಂದಿ ಹಾಲ್ಟ್ ಅದೃಷ್ಟವಂತ: ಪರಂಪರೆಯ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಕೈಯಲ್ಲಿ ಅದಕ್ಕೆ ಮರುಜೀವ ಬಂದಿದೆ.

ಪುಟ್ಟ ಹಳಿಯನ್ನು ಬ್ರಾಡ್‌ಗೇಜಿಗೆ ಬದಲಿಸುವ ಕೆಲಸ ಒಂದೇ ಸಲಕ್ಕೆ ಆಗಲಿಲ್ಲ. ಯಲಹಂಕದ ತುದಿ, ಬಂಗಾರಪೇಟೆಯ ತುದಿ ಮೊದಲು ಮುಗಿದವು; ನಡುವಿನ ಚಿಕ್ಕಬಳ್ಳಾಪುರ–ಕೋಲಾರ ಭಾಗಕ್ಕೆ ರೈಲು ಮರಳಿದ್ದು 2013ರಲ್ಲಿ. ಅದಕ್ಕೂ ಮುಂಚೆ ಕೋಲಾರ–ಬಂಗಾರಪೇಟೆ ನಡುವೆ ಹಳಿಯ ಮೇಲೆ ಓಡುವ ಬಸ್ಸೇ ಇತ್ತು: ರೈಲ್ ಬಸ್. ಶಿವಮೊಗ್ಗ–ತಾಳಗುಪ್ಪ ಹಾದಿಯಲ್ಲೂ ಅಂಥದ್ದೇ ಒಂದು ಓಡುತ್ತಿದ್ದುದನ್ನು ಮಲೆನಾಡಿನವರು ಈಗಲೂ ಹೇಳುತ್ತಾರೆ.

ಆಮೇಲೆ ಈ ಮಾರ್ಗಕ್ಕೆ ಗುರುತಾದದ್ದು ಡೆಮು. ಡೀಸೆಲ್ ಎಲೆಕ್ಟ್ರಿಕ್ ಮಲ್ಟಿಪಲ್ ಯೂನಿಟ್ ಎಂಬ ಉದ್ದ ಹೆಸರನ್ನು ಜನ ಇಷ್ಟಕ್ಕೆ ಇಳಿಸಿಕೊಂಡಿದ್ದಾರೆ. ಇದಕ್ಕೆ ಪ್ರತ್ಯೇಕ ಎಂಜಿನ್ ಜೋಡಿಸಬೇಕಿಲ್ಲ. ಲೋಕೋ ಪೈಲಟ್ ಕೂರುವ ಬೋಗಿಯಲ್ಲೇ ಡೀಸೆಲ್ ಎಂಜಿನ್ ಇರುತ್ತದೆ; ಅದು ತಿರುಗಿಸುವ ಆಲ್ಟರ್ನೇಟರ್ ವಿದ್ಯುತ್ ಹುಟ್ಟಿಸುತ್ತದೆ; ಚಕ್ರಗಳ ಬಳಿಯ ಮೋಟಾರುಗಳು ಅದರಿಂದ ತಿರುಗುತ್ತವೆ. ಎರಡು ತುದಿಯಲ್ಲೂ ಚಾಲಕನ ಕೋಣೆ ಇರುವುದರಿಂದ ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ, ತಿರುಗಿಸಿ, ಮತ್ತೆ ಕಟ್ಟುವ ರಗಳೆ ಇಲ್ಲ. ಎಂಜಿನ್ ಇರುವ ಆ ಬೋಗಿಯ ಪಕ್ಕದ ಬೋಗಿಯಲ್ಲಿ ಕೂತರೆ ಯಂತ್ರದ ಪ್ರತಿ ಏರಿಳಿತ ಗೊತ್ತಾಗುತ್ತದೆ. ನಿಂತಾಗ ಸೀಟು, ಕಿಟಕಿಯ ಸರಳು ಎಲ್ಲಾ ಸಣ್ಣಗೆ ನಡುಗುತ್ತಿರುತ್ತವೆ. ಹೊರಟಾಗ ಮೊದಲು ಸದ್ದು ಏರುತ್ತದೆ, ವೇಗ ಆಮೇಲೆ ನಿಧಾನಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಡೀಸೆಲಿನ ಬಿಸಿ ವಾಸನೆಯೂ ಒಳಗೆ ನುಗ್ಗುತ್ತದೆ. ನನಗೆ ರೈಲು ಪ್ರಯಾಣ ಅನ್ನಿಸುವುದೇ ಇದು. ಕಿಟಕಿ ಮುಚ್ಚಿದ ತಣ್ಣನೆ ಬೋಗಿಯಲ್ಲಿ ಆ ಅನುಭವ ಸಿಕ್ಕದು.

ಈ ಹಾದಿಯ ಅತ್ಯುತ್ತಮ ಭಾಗ ದೇವನಹಳ್ಳಿ ದಾಟಿದ ಮೇಲಿನದು. ಆವತಿ ಬಿಟ್ಟ ನಂತರ ದ್ರಾಕ್ಷಿ ತೋಟಗಳ ಆಚೆ ನಂದಿಬೆಟ್ಟ ಕಣ್ಣಿಗೆ ಬೀಳುತ್ತದೆ. ನಂದಿ ಹಾಲ್ಟ್‌ನಲ್ಲಿ ಇಳಿದವರು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ನಡೆದೇ ಹೋಗಬಹುದು; ಕಾಲಲ್ಲಿ ಕಸುವಿದ್ದವರಿಗೆ ಸುಲ್ತಾನ್‌ಪೇಟೆ ಕಡೆಯಿಂದ ಬೆಟ್ಟದ ಮೆಟ್ಟಿಲೂ ಉಂಟು. ಮುಂದೆ ಶಿಡ್ಲಘಟ್ಟದ ರೇಷ್ಮೆಗೂಡು, ಶ್ರೀನಿವಾಸಪುರದ ಮಾವು, ಕೋಲಾರದ ಟೊಮೆಟೊ. ಒಂಟಿ ಹಳಿಯಾದ್ದರಿಂದ ಎದುರಿನ ಗಾಡಿ ದಾಟುವವರೆಗೆ ಕ್ರಾಸಿಂಗ್‌ಗೆ ನಿಲ್ಲುವುದು ಮಾಮೂಲು. ಆಗ ಪ್ಲಾಟ್‌ಫಾರಂಗೆ ಇಳಿದು ಕೈಕಾಲು ಆಡಿಸಿದರಾಯಿತು.

2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಬಳಿ ಹೊಸ ಹಾಲ್ಟ್ ತೆರೆದು, ಅಲ್ಲಿಗೂ ಡೆಮು ಓಡಿತು. ಬಳಿಕ ಹಳಿಯ ಮೇಲೆ ವಿದ್ಯುತ್ ತಂತಿ ಬಂತು. ತಂತಿಯಿಂದಲೇ ಶಕ್ತಿ ಪಡೆಯುವ ಮೆಮುಗಳೂ ಬಂದವು. ಹೊಗೆಯಿಲ್ಲ, ಖರ್ಚು ಕಡಿಮೆ, ವೇಗ ಹೆಚ್ಚು. ದಿನವೂ ಕೆಲಸಕ್ಕೆ ಓಡಾಡುವವರ ದೃಷ್ಟಿಯಿಂದ ಇದು ಆಗಲೇಬೇಕಾದ ಬದಲಾವಣೆ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು, ಹಳೆಯದನ್ನು ಒಂದೂ ಉಳಿಸದೆ ಗುಜರಿಗೆ ಹಾಕುವ ರೂಢಿಯ ಬಗ್ಗೆ. ನ್ಯಾರೋಗೇಜ್ ಹೋದಾಗ ಈ ಹಾದಿಯಲ್ಲಿ ಆ ಪುಟ್ಟ ರೈಲಿನ ಸವಾರಿಯೂ ಪೂರ್ತಿ ಹೋಯಿತು.

ಜಪಾನಿನಲ್ಲಿ ಬೇರೆಯದೇ ದಾರಿ ಹಿಡಿದವರಿದ್ದಾರೆ. ಟೋಕಿಯೊ ಪಕ್ಕದ ಚಿಬಾ ಪ್ರಾಂತ್ಯದಲ್ಲಿ ಇಸುಮಿ ರೈಲ್ವೆ ಎಂಬ 26.8 ಕಿ.ಮೀ. ಉದ್ದದ ಹಳ್ಳಿ ಮಾರ್ಗವಿದೆ. ದೊಡ್ಡ ಕಂಪನಿ ಕೈಬಿಟ್ಟ ಈ ಮಾರ್ಗವನ್ನು 1988ರಲ್ಲಿ ಸ್ಥಳೀಯ ಸರ್ಕಾರಗಳೂ ಖಾಸಗಿಯವರೂ ಕೂಡಿ ಕಟ್ಟಿದ ಕಂಪನಿ ವಹಿಸಿಕೊಂಡಿತು. ಜನ ಕಡಿಮೆಯಾದಾಗ ಅದು ಮಾಡಿದ್ದೇನು? ಬೇರೆ ಕಡೆ ನಿವೃತ್ತವಾಗಿದ್ದ, 1965ರಲ್ಲಿ ತಯಾರಾದ ‘ಕಿಹಾ 52’ ಡೀಸೆಲ್ ಬೋಗಿಯೊಂದನ್ನು ಕೊಂಡು ತಂದು 2011ರಿಂದ ಓಡಿಸಿತು. ಅದರಲ್ಲಿ ಕೂರಲೆಂದೇ ದೂರದೂರಿನವರು ಬಂದರು. ಇದೇ ಮಾರ್ಗವನ್ನು ಕಜುಸಾ–ನಕಾನೊದಲ್ಲಿ ಸಂಧಿಸುವ ಕೊಮಿನಾಟೊ ರೈಲ್ವೆಯೂ 1961ರಲ್ಲಿ ಶುರುವಾದ ಮಾದರಿಯ ಡೀಸೆಲ್ ಬೋಗಿಗಳನ್ನು ಬಿಟ್ಟುಕೊಟ್ಟಿಲ್ಲ. ಹಳೆಯ ಬೋಗಿಯೇ ಪ್ರಯಾಣಿಕರನ್ನು ಕರೆತರಬಲ್ಲದು ಎಂದು ಅವರು ನಂಬಿದರು.

ನಮಗೂ ಇದು ಅಸಾಧ್ಯವಲ್ಲ. ಪಕ್ಕದಲ್ಲೇ ಕೃಷ್ಣರಾಜಪುರದ ಡೀಸೆಲ್ ಲೋಕೋ ಶೆಡ್ ಇದೆ, ಡೀಸೆಲ್ ಯಂತ್ರದ ನಾಡಿ ಬಲ್ಲ ಕೈಗಳಿವೆ. ಸಜ್ಜಾದ ನಂದಿ ಹಾಲ್ಟ್ ಇದೆ. ಉಪನಗರ ರೈಲಿನ ಕನಕ ಮಾರ್ಗದಲ್ಲಿ ಹೊರಮಾವಿಗೂ ನಿಲ್ದಾಣವೊಂದನ್ನು ಯೋಜಿಸಲಾಗಿದೆ. ನೈಋತ್ಯ ರೈಲ್ವೆ ಒಂದೇ ಒಂದು ಡೆಮು ರೇಕನ್ನು ಸುಸ್ಥಿತಿಯಲ್ಲಿ ಉಳಿಸಿಕೊಂಡು, ಭಾನುವಾರಗಳಂದು ಬಾಣಸವಾಡಿಯಿಂದ ನಂದಿಯವರೆಗೆ ಓಡಿಸಲಿ. ಅಲ್ಲಿಯವರೆಗೆ ಓದುಗರೂ ಒಂದು ಕೆಲಸ ಮಾಡಬಹುದು: ಮುಂದಿನ ಸಲ ನಂದಿಗೆ ಕಾರು ಬಿಟ್ಟು ಪ್ಯಾಸೆಂಜರ್ ರೈಲಿನಲ್ಲಿ ಹೋಗಿ. ಕಾಯ್ದಿರಿಸುವ ಗೋಜಿಲ್ಲ, ಟಿಕೆಟ್ ಕೌಂಟರಿನಲ್ಲೇ ಸಿಗುತ್ತದೆ; ಹೊರಡುವ ಮುನ್ನ ವೇಳಾಪಟ್ಟಿ ಮಾತ್ರ ನೋಡಿಕೊಳ್ಳಿ.